ಬಂಕಾಪುರದ ಡೈನಮೋ ಮಿಸ್ತ್ರಿ

ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿ ನೆಲಕ್ಕೆ ಬಿದ್ದರೆ ಅವರು ಬಗ್ಗಿ ನೋಡುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, ಬಲ ಅಂಗೈಯನ್ನು ಪೂರ್ತಿ ಬಿಚ್ಚಿ ನೆಲದ ಮೇಲಿಟ್ಟು, ರೊಟ್ಟಿ ತಟ್ಟುವವರ ಹಾಗೆ ಸುತ್ತಲೂ ಸರಿಸುತ್ತಾ ಹೋಗುತ್ತಿದ್ದರು. ಆ ಅಂಗೈಯ ಗೆರೆಗಳಲ್ಲಿ ಕಾರ್ಬನ್ನಿನ ಕಪ್ಪು ಇಳಿದು ಕೂತಿತ್ತು. ಸೀಮೆಎಣ್ಣೆ, ಸಾಬೂನು, ಉಸುಕು ಯಾವುದಕ್ಕೂ ಅದು ಬಿಡುತ್ತಿರಲಿಲ್ಲ. ಪಾನಾ ಸಿಕ್ಕ ಕೂಡಲೇ ಹೆಬ್ಬೆರಳಿನಿಂದ ಅದರ ಬಾಯಿ ಅಳೆದು, "ಹಾಂ, ಇದ" ಎಂದು ಮತ್ತೆ ಬಾನೆಟ್ಟಿನ ಕೆಳಗೆ ತಲೆ ಹಾಕುತ್ತಿದ್ದರು. ನಾನು ಕಾರಿನೊಳಗೆ ಕೂತು ಇದನ್ನು ವರ್ಷಗಟ್ಟಲೆ ನೋಡಿದ್ದೇನೆ. ಪಳಗಿದ ಮಿಸ್ತ್ರಿಗಳ ಕೈ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಮುಚ್ಚಿಟ್ಟಂತಾಗುತ್ತದೆ. ಶಿಗ್ಗಾವಿ ತಾಲ್ಲೂಕಿನಲ್ಲಿ ನಾನು ನೇತ್ರಾಧಿಕಾರಿ. ಊರೂರಿಗೆ ಹೋಗಿ ಗೋಡೆಗೆ ಅಕ್ಷರಗಳ ಪಟ ತೂಗುಹಾಕಿ, ಶಾಲೆಯ ಮಕ್ಕಳಿಂದ ಹಿಡಿದು ಕೋಲೂರುವ ಮುದುಕಿಯರವರೆಗೆ ಎಲ್ಲರ ಕಣ್ಣು ಪರೀಕ್ಷಿಸುವುದು ನನ್ನ ನೌಕರಿ. ಹಳ್ಳಿಗಳಲ್ಲಿ ನನ್ನನ್ನು "ಕಣ್ಣಿನ ಅಕ್ಕಾರು" ಎನ್ನುತ್ತಾರೆ. ಈ ಮನುಷ್ಯ ನನ್ನೆದುರಿಗೇ, ನನ್ನ ಕಾರಿನ ಮುಂದೆಯೇ ನಿಂತು, ನಾಲ್ಕೈದು ವರ್ಷಗಳಲ್ಲಿ ದೃಷ್ಟಿ ಕಳೆದುಕೊಂಡರು. ನನಗೆ ಗೊತ್ತಾಗಲಿಲ್ಲ.

ಕಾರು ನನ್ನ ಅಪ್ಪನದು. ಉಬ್ಬಿದ ಬಾನೆಟ್ಟಿನ, ದಪ್ಪ ತಗಡಿನ ಹಳೇ ಕಾಲದ ಗಾಡಿ. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಸವಣೂರಿನ ಮದುವೆ, ಹಾನಗಲ್ಲಿನ ಹೆರಿಗೆ, ಹಿರೇಕೆರೂರಿನ ಸಾವು ಎಲ್ಲವಕ್ಕೂ ಅದೇ ಗಾಡಿ ಹೋಗಿದೆ. ಈಗಿನ ಗಾಡಿಗಳಲ್ಲಿ ಬ್ಯಾಟರಿಗೆ ಕರೆಂಟು ತುಂಬಲು ಆಲ್ಟರ್ನೇಟರ್ ಇರುತ್ತದಲ್ಲ, ಇದರಲ್ಲಿ ಅದಿಲ್ಲ. ಕಂಪನಿಯಿಂದ ಬಂದಾಗಿನ ಡೈನಮೋನೇ ಇದೆ. ಮೋಟು ಕೊಳವೆಯಂಥ ಭಾರದ ಸಾಮಾನು. ಗಾಡಿ ನಿಂತಲ್ಲೇ ಗುರುಗುಟ್ಟುತ್ತಿದ್ದರೆ ಅದು ಕರೆಂಟು ಕೊಡುವುದಿಲ್ಲ, ಓಡಿದರೆ ಮಾತ್ರ ಕೊಡುತ್ತದೆ. "ನಮ್ಮಂಗ ಅದು, ಕುಂತ್ರ ಏನೂ ಇಲ್ಲ" ಎಂದು ಅಪ್ಪ ನಗುತ್ತಿದ್ದ. ಅದನ್ನು ಬಿಚ್ಚಿ ಜೋಡಿಸಲು ಬರುವವರು ಈ ಕಡೆಗೆ ಒಬ್ಬರೇ ಉಳಿದಿದ್ದರು, ಬಂಕಾಪುರದ ಹೆದ್ದಾರಿ ಬದಿಯ ತಗಡಿನ ಅಂಗಡಿಯಲ್ಲಿ.

ಅಂಗಡಿಗೆ ಬೋರ್ಡು ಇರಲಿಲ್ಲ. ಒಳಗೆ ಗೋಡೆಯ ಮೇಲೆ ಬುದ್ಧನ ಒಂದು ಸಣ್ಣ ಪಟ, ಅದರ ಕೆಳಗೆ ಸಾಲಾಗಿ ತೂಗುಹಾಕಿದ ಬೆಲ್ಟುಗಳು. ನೆಲದ ಮೇಲೆ ಗೋಣಿತಾಟು, ಅದರ ಮೇಲೆ ಸಾಮಾನುಗಳು, ಪ್ರತಿಯೊಂದಕ್ಕೂ ಅದರದೇ ಜಾಗ. ಅಮಾವಾಸ್ಯೆಗೆ ಉಳಿದ ಗ್ಯಾರೇಜುಗಳ ಮುಂದೆ ಕಾಯಿ ಒಡೆದರೆ ಇವರ ಅಂಗಡಿ ಎಂದಿನಂತೆ ತೆರೆದಿರುತ್ತಿತ್ತು. ಬುದ್ಧ ಪೂರ್ಣಿಮೆಗೆ ಮಾತ್ರ ಬಾಗಿಲು ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿಯ ಜೊತೆ ಎಲ್ಲಿಗೋ ಹೋಗಿ ಬರುತ್ತಿದ್ದರು. ಆ ಬಿಳಿ ಅಂಗಿಯನ್ನು ತಾಲ್ಲೂಕು ಕಚೇರಿಗೆ ಹೋಗುವಾಗಲೂ ತೊಡುತ್ತಿದ್ದರು. ಉಳಿದ ದಿನ ಖಾಕಿ.

ಅಪ್ಪ ತೀರಿಕೊಂಡ ಮೇಲೆ ಗಾಡಿ ನನ್ನ ಕೈಗೆ ಬಂತು. ತಿಂಗಳೊಪ್ಪತ್ತಿನಲ್ಲಿ ಅದರ ಕೆಂಪು ದೀಪ ಆರದೆ ಉರಿಯತೊಡಗಿತು. ಬ್ಯಾಟರಿ ತುಂಬುತ್ತಿಲ್ಲ ಎಂಬುದರ ಗುರುತು ಅದು. ನೋಡಿದವರೆಲ್ಲ ಒಂದೇ ಮಾತು ಹೇಳಿದರು, "ಡೈನಮೋ ತಗದ ಒಗೀರಿ, ಯಾವುದಾರ ಸಣ್ಣ ಗಾಡಿದ ಆಲ್ಟರ್ನೇಟರ್ ಕುಂದ್ರಸ್ರಿ." ನನಗೂ ಸರಿ ಎನಿಸಿತು, ಮರುದಿನ ಹಿರೇಬೆಂಡಿಗೇರಿ ಶಾಲೆಯಲ್ಲಿ ತಪಾಸಣೆ ಇತ್ತು, ನನಗೆ ಗಾಡಿ ಬೇಕಿತ್ತು. ಬಂಕಾಪುರಕ್ಕೆ ತಂದು ನಿಲ್ಲಿಸಿ, ಇಳಿಯುತ್ತಲೇ ಹೇಳಿದೆ, "ಇದನ್ನ ತಗದಬಿಡ್ರಿ ಮಿಸ್ತ್ರಿ."

ಅವರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು. "ಬಾ ತಂಗಿ" ಎಂದು ಕರೆಯುತ್ತಿದ್ದವರು ಅವತ್ತು "ಬರ್ರಿ ಅಕ್ಕಾರ" ಎಂದರು. ನನಗೆ ಕಸಿವಿಸಿಯಾಗಿ ಯಾಕೆಂದು ಕೇಳಿದೆ.

"ಗಾಡಿ ನಿಮ್ಮಪ್ಪಂದು ಇದ್ದಾಗ ನೀವು ತಂಗಿ. ಈಗ ಗಾಡಿ ನಿಮ್ದು, ಗಿರಾಕಿ ನೀವು. ಗಿರಾಕಿಗೆ ರೀ ಹಚ್ಚಬೇಕು" ಎಂದರು. ಆಮೇಲೆ ಬಾನೆಟ್ಟು ಎತ್ತಿ, "ತಗದ ಒಗಿಯೂದು ಎರಡು ತಾಸಿನ ಕೆಲಸ್ರಿ. ಆದ್ರ ಯಾಕ ಕೆಟ್ಟೈತಿ ಅಂತ ತಿಳಿಯಾಂಗಿಲ್ಲ. ಮೊದ್ಲ ಕೇಳೂಣು, ಆಮ್ಯಾಲ ತಗಿಯೂಣು."

ಅವರು ಕೇಳಿದ ರೀತಿ ನನಗೆ ಇಂದಿಗೂ ಬಾಯಿಪಾಠ. ಮೊದಲು ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡಿದರು. ಡೈನಮೋದ ಎರಡು ವೈರು ಬಿಚ್ಚಿ, ಆ ವೈರುಗಳು ಕೂಡುವ ಎರಡು ಮೊಳೆಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ ಮೀಟರು ಹಚ್ಚಿದರು. ನಾನು ಮೆಲ್ಲಗೆ ರೇಸು ಕೊಟ್ಟಾಗ ಬರಬೇಕಾದಷ್ಟು ಕರೆಂಟು ಬರಲಿಲ್ಲ. ಹಾಗಾದರೆ ತಪ್ಪು ಇದರೊಳಗೇ ಇದೆ, ಕರೆಂಟನ್ನು ಹದದಲ್ಲಿಡುವ ಮೇಲಿನ ಕಟ್ಔಟ್ ಡಬ್ಬಿಯಲ್ಲಿಲ್ಲ ಎಂದರು. ಡೈನಮೋ ಇಳಿಸಿ ಬಿಚ್ಚಿದರೆ ಒಳಗಿನ ಎರಡು ಕಾರ್ಬನ್ ತುಂಡುಗಳು ಸವೆದು ಹೆಸರಿಗಷ್ಟೇ ಉಳಿದಿದ್ದವು. ಹೊಸವು ಹಾಕಿ, ಅವು ಉಜ್ಜುವ ತಾಮ್ರದ ಬಳೆಯನ್ನು ಪಾಲಿಶ್ ಕಾಗದದಿಂದ ತಿಕ್ಕಿ, ತಾಮ್ರದ ಪಟ್ಟಿಗಳ ನಡುವಿನ ಸಂದುಗಳನ್ನು ಮುರಿದ ಗರಗಸದ ಅಲಗಿನಿಂದ ಒಂದೊಂದಾಗಿ ಕೆತ್ತಿದರು. ಹಿಂದಿನ ಬುಶ್ಶಿಗೆ ನಾಲ್ಕು ಹನಿ ಎಣ್ಣೆ. ಜೋಡಿಸಿದ ಮೇಲೆ, ಎಂಜಿನ್ ಸುರು ಮಾಡುವ ಮೊದಲು, ಬ್ಯಾಟರಿಯಿಂದ ಒಂದು ವೈರು ತಂದು ಡೈನಮೋದ ಸಣ್ಣ ಮೊಳೆಗೆ ಚಣ ಮುಟ್ಟಿಸಿದರು. ಚಿಟ್ ಎಂದು ಒಂದು ಕಿಡಿ. "ಯಾ ಕಡೆಗೆ ಕರೆಂಟು ಕೊಡಬೇಕಂತ ಅದಕ್ಕ ಹೇಳಿಕೊಟ್ಟಂಗ" ಎಂದರು. ಕೆಂಪು ದೀಪ ಆರಿತು. ಹಿರೇಬೆಂಡಿಗೇರಿಗೆ ನಾನು ವೇಳೆಗೆ ಸರಿಯಾಗಿ ಮುಟ್ಟಿದೆ.

ಅವರದೊಂದು ಪದ್ಧತಿ ಇತ್ತು. ಡ್ಯಾಶ್‌ಬೋರ್ಡಿನಲ್ಲಿ ಕರೆಂಟು ತೋರಿಸುವ ಮೀಟರಿದೆಯಲ್ಲ, ಅದರ ಮುಳ್ಳನ್ನು ಅವರು ಎಂದೂ ತಾವು ನೋಡುತ್ತಿರಲಿಲ್ಲ. ಗಾಡಿಯ ಯಜಮಾನನೇ ಸ್ಟೇರಿಂಗ್ ಮುಂದೆ ಕೂತು ಕೂಗಿ ಹೇಳಬೇಕು. ಅಪ್ಪನ ಕಾಲದಿಂದಲೂ ಹೀಗೇ.

"ಮುಳ್ಳು ಎಲ್ಲೈತ್ರಿ?"

"ನಡುವ ಐತ್ರಿ."

"ದೊಡ್ಡ ಲೈಟ್ ಹಚ್ರಿ. ಈಗ?"

"ಎಡಕ್ಕ ಹೋತು."

"ರೇಸ್ ಕೊಡ್ರಿ. ಈಗ?"

"ಬಲಕ್ಕ ಬಂತ್ರಿ."

"ಆತು, ಹೋಗ್ರಿ ಮನಿಗೆ."

ನೀವೇ ಯಾಕೆ ನೋಡಬಾರದು ಎಂದು ನಾನೊಮ್ಮೆ ಕೇಳಿದ್ದಕ್ಕೆ ಹೇಳಿದರು, "ನಾ ನೋಡಿ ಹೇಳಿದ್ರ ನೀವು ನನ್ನ ನಂಬಬೇಕಾಗತೈತಿ. ನೀವ ನೋಡಿದ್ರ ಆ ತೊಂದ್ರಿ ಇಲ್ಲ ನೋಡ್ರಿ." ಇಂಥ ಮಾತು ಕೇಳಿ ನಾನು ಉಬ್ಬಿಹೋಗುತ್ತಿದ್ದೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರ ಮಾತನ್ನೇ ಉಪದೇಶ ಮಾಡಿದ್ದೂ ಇದೆ. ಆ ಪದ್ಧತಿಯಿಂದಾಗಿ ಅವರ ಕಣ್ಣು ಮಬ್ಬಾದದ್ದು ಯಾವ ಗಿರಾಕಿಗೂ ತಿಳಿಯಲಿಲ್ಲ. ಮುಳ್ಳು ನಾವು ನೋಡುತ್ತಿದ್ದೆವು, ಉಳಿದದ್ದನ್ನು ಅವರ ಕೈ ನೋಡುತ್ತಿತ್ತು.

ಸೈಕಲ್ ಬಿಟ್ಟು ನಡೆಯತೊಡಗಿದರು. ವಯಸ್ಸಾಯಿತು, ಮೊಣಕಾಲು ನೋವು ಇರಬೇಕು ಎಂದುಕೊಂಡೆ. ತೆರೆದಿಟ್ಟ ಕಾರಿನ ಬಾಗಿಲಿಗೆ ಭುಜ ಬಡಿಸಿಕೊಂಡರು, ಅವಸರ ಎಂದುಕೊಂಡೆ. ಗೋಣಿತಾಟಿನ ಮೇಲಿನ ಸ್ಕ್ರೂ ಡ್ರೈವರ್ ಒಂದನ್ನು ನಾನು ಎತ್ತಿ ಬೇರೆ ಕಡೆ ಇಟ್ಟಾಗ, ಎಂದೂ ಸಿಟ್ಟಾಗದವರು ಸಿಟ್ಟಾದರು. ಮುದುಕರ ಹಟ ಎಂದು ನಕ್ಕೆ. ಬದಿಯಿಂದ ಹೋಗಿ ಮಾತಾಡಿಸಿದರೆ ಬೆಚ್ಚಿ, ಇಡೀ ಮುಖವನ್ನು ನನ್ನ ಕಡೆ ತಿರುಗಿಸುತ್ತಿದ್ದರು. ಇದೇ ಲಕ್ಷಣವನ್ನು ಬೇರೆ ಯಾರೋ ನನ್ನೆದುರು ಕುರ್ಚಿಯ ಮೇಲೆ ಕೂತು ಹೇಳಿದ್ದರೆ ಅರ್ಧ ಮಾತಿಗೇ ನಾನು ಕಾಯಿಲೆಯ ಹೆಸರು ಬರೆದುಬಿಡುತ್ತಿದ್ದೆ. ಅವರು ಕುರ್ಚಿಯ ಮೇಲೆ ಕೂತಿರಲಿಲ್ಲ, ನನ್ನ ಕಾರಿನ ಮುಂದೆ ನಿಂತಿದ್ದರು. ಅಷ್ಟಕ್ಕೇ ನಾನು ಕುರುಡಿಯಾದೆ.

ಗೊತ್ತಾದದ್ದು ಒಂದು ಬ್ಯಾಟರಿಯಿಂದ. ಹಳೆಯದು ಸತ್ತಿತ್ತು, ಹೊಸದನ್ನು ತಂದುಕೊಟ್ಟಿದ್ದೆ. ಅದರ ಕೂಡಿಸುವ ಗುರುತಿನ, ಅಂದರೆ ಪ್ಲಸ್ ಕಂಬ ಹಳೆಯದಕ್ಕಿಂತ ಉಲ್ಟಾ ಬದಿಗಿತ್ತು. ಕೆಲವು ಬ್ಯಾಟರಿಗಳು ಹಾಗೆ ಬರುತ್ತವೆ. ನಡುಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು. ಅವರು ಬ್ಯಾಟರಿ ಕೂಡಿಸಿ, ವೈರು ಬಿಗಿದು, ಎಂದಿನಂತೆ ಕೇಳಿದರು, "ದೊಡ್ಡ ಲೈಟ್ ಹಚ್ರಿ. ಮುಳ್ಳು ಎಡಕ್ಕ ಹೋತಿಲ್ಲೋ?"

"ಇಲ್ರಿ ಮಿಸ್ತ್ರಿ. ಬಲಕ್ಕ ಹೋತು."

"ಸರಿಯಾಗಿ ನೋಡ್ರಿ."

"ನೋಡೇ ಹೇಳಾಕತ್ತೇನಿ. ಬಲಕ್ಕ ಐತಿ."

ಎಂಜಿನ್ ಸುರುವಿಲ್ಲದೆ ಲೈಟು ಹಚ್ಚಿದರೆ ಕರೆಂಟು ಖರ್ಚಾಗಬೇಕು, ಮುಳ್ಳು ಎಡಕ್ಕೇ ಹೋಗಬೇಕು. ಬಲಕ್ಕೆ ಹೋಯಿತೆಂದರೆ ಬ್ಯಾಟರಿ ತಿರುಗುಮುರುಗು ಹಚ್ಚಿದ್ದಾರೆ. ಹೊಸದಾಗಿ ಕಲಿಯುವವರೂ ಈ ತಪ್ಪು ಮಾಡುವುದಿಲ್ಲ. ಅವರು ಅವಸರವಿಲ್ಲದೆ ವೈರು ಬಿಚ್ಚಿ ಬ್ಯಾಟರಿಯನ್ನು ನೆಲಕ್ಕಿಳಿಸಿದರು. ಆಮೇಲೆ ಬಂಪರಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ನಾನು ಇಳಿದು ಹೋದೆ.

"ಅಕ್ಕಾರ, ಕೂಡಿಸೂ ಗುರುತು ಯಾ ಕಡೆ ಐತಿ ಹೇಳ್ರಿ" ಎಂದರು, ಸಣ್ಣ ದನಿಯಲ್ಲಿ.

ಗುರುತು ಬೆರಳಗಲದ್ದು, ಕೆಂಪು ಬಣ್ಣದ್ದು, ಅವರ ಮುಖದಿಂದ ಮೊಳದೂರದಲ್ಲಿತ್ತು.

"ನಿಮಗ ಕಾಣಸೂದಿಲ್ಲೇನ್ರಿ?"

"ಒಂದು ಕಣ್ಣಾಗ ಏನೂ ಇಲ್ರಿ. ಇನ್ನೊಂದರಾಗ ಕೊಳವಿಯೊಳಗಿಂದ ನೋಡಿದಂಗ ನಟ್ಟನಡುವ ಒಂದೀಟ ಕಾಣತೈತಿ. ಬಾಜೂಕ ಎಲ್ಲಾ ಹೋಗೈತಿ."

ಮರುದಿನ ಅದೇ ಕಾರಿನಲ್ಲಿ ಅವರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಕಣ್ಣೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ, ಗ್ಲುಕೋಮಾ. ನೋವಿರುವುದಿಲ್ಲ. ಬದಿಯ ನೋಟದಿಂದ ಸುರುವಾಗಿ ನಡುವಿನವರೆಗೆ ತಿನ್ನುತ್ತಾ ಬರುತ್ತದೆ. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧಿಯ ಹನಿಗಳಿಂದ ಕಾಪಾಡಬಹುದು ಅಷ್ಟೆ. ಅವರಲ್ಲಿ ಕಾಪಾಡಲು ಹೆಚ್ಚೇನೂ ಉಳಿದಿರಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ, "ಎರಡು ವರ್ಷ ಮೊದಲು ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ" ಎಂದರು. ಮಿಸ್ತ್ರಿ ಕೇಳಿಸಿಕೊಂಡರು. ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಗಾಜಿಗೆ ಕಿವಿ ಕೊಟ್ಟು ಕೂತಿದ್ದವರು ಬಂಕಾಪುರ ಬಂದಾಗ ಒಂದೇ ಮಾತು ಹೇಳಿದರು, "ಬೆಲ್ಟ್ ಸ್ವಲ್ಪ ಸಡ್ಲ ಆಗೈತ್ರಿ, ಸಪ್ಪಳ ಬರಾಕತ್ತೈತಿ. ನಾಳೆ ಬಿಗಿದು ಕೊಡ್ತೇನಿ."

ಸುದ್ದಿ ಹಬ್ಬಲು ಎಷ್ಟು ಹೊತ್ತು? ಕಣ್ಣು ಕಾಣದವರ ಕೈಗೆ ಯಾರು ವೈರಿಂಗ್ ಕೊಡುತ್ತಾರೆ? ಟ್ರ್ಯಾಕ್ಟರಿನವರು ಮೊದಲು ನಿಂತರು, ಆಮೇಲೆ ಟೆಂಪೋದವರು. ಅಂಗಡಿಯ ಬಾಗಿಲು ಮಾತ್ರ ದಿನಾ ತೆರೆಯುತ್ತಿತ್ತು. ನಾನು ಹೋದಾಗಲೆಲ್ಲ ಗೋಣಿತಾಟಿನ ಮೇಲೆ ಯಾವುದೋ ಸತ್ತ ಡೈನಮೋ ಬಿಚ್ಚಿಟ್ಟುಕೊಂಡು ತಿಕ್ಕುತ್ತಾ ಕೂತಿರುತ್ತಿದ್ದರು. ನಾನು ಬೇಕೆಂದೇ ಸಣ್ಣಪುಟ್ಟ ನೆಪ ಮಾಡಿಕೊಂಡು ಗಾಡಿ ಒಯ್ಯುತ್ತಿದ್ದೆ. ಅದು ನೆಪವೆಂದು ಅವರಿಗೆ ಸದ್ದಿನಿಂದಲೇ ತಿಳಿಯುತ್ತಿತ್ತು. "ಏನೂ ಆಗಿಲ್ಲ ಇದಕ್ಕ. ಚಾ ಕುಡದು ಹೋಗ್ರಿ" ಎನ್ನುತ್ತಿದ್ದರು.

ಒಂದು ಸಲ ಮಾತ್ರ ನಿಜವಾಗಿ ಕೆಟ್ಟಿತು. ಅಷ್ಟರಲ್ಲಿ ಉಳಿದಿದ್ದ ಆ ಒಂದಿಷ್ಟು ನೋಟವೂ ಹೋಗಿತ್ತು. ಡೈನಮೋ ಇಳಿಸಿದವರು ಅವರೇ, ಬಿಚ್ಚಿದವರು ಅವರೇ. ತಾಮ್ರದ ಪಟ್ಟಿಗಳ ಸಂದುಗಳನ್ನು ಉಗುರಿನ ತುದಿಯಿಂದ ಎಣಿಸುತ್ತಾ ಕೆತ್ತಿದರು. ನನಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಕಿಡಿ ಮುಟ್ಟಿಸುವಾಗ ಮಾತ್ರ ನನ್ನ ಕೈಯನ್ನು ತಮ್ಮ ಕೈಯ ಮೇಲೆ ಇರಿಸಿಕೊಂಡು, "ಸಣ್ಣ ಮೊಳಿ ಇದ ಅಲ್ಲೇನು ತಂಗಿ?" ಎಂದರು. ಬಹಳ ವರ್ಷಗಳ ಮೇಲೆ ತಂಗಿ ಎಂದಿದ್ದರು. "ಇದ ಐತ್ರಿ" ಎಂದೆ. ಆ ಡೈನಮೋ ಇಂದಿಗೂ ನಡೆಯುತ್ತಿದೆ.

ಅವರು ಹೋದದ್ದು ಮರುವರ್ಷ. ಅಂಗಡಿಗೆಂದು ರಸ್ತೆ ದಾಟುವಾಗ ಬದಿಯಿಂದ ಬಂದ ಮೋಟಾರು ಸೈಕಲ್ಲು ಬಡಿದು ಸೊಂಟದ ಎಲುಬು ಮುರಿಯಿತು. ಸಪ್ಪಳ ಕೇಳಿತ್ತು, ಆದರೆ ಯಾವ ಕಡೆಯಿಂದ ಎಂದು ತಿಳಿಯಲಿಲ್ಲ ಎಂದು ಮಲಗಿದಲ್ಲಿಂದಲೇ ನನಗೆ ಹೇಳಿದರು, ತಪ್ಪೆಲ್ಲ ತಮ್ಮದೇ ಎಂಬಂತೆ. ಮೂರು ತಿಂಗಳು ಹಾಸಿಗೆಯಲ್ಲಿದ್ದರು. ನಡುವೆ ಎದೆಗೆ ಕಫ ಕಟ್ಟಿತು. ನಾನು ಹಾನಗಲ್ಲಿನಲ್ಲಿ ತರಬೇತಿಗೆ ಹೋಗಿದ್ದ ದಿನ ತೀರಿಕೊಂಡರು. ಮಣ್ಣಿಗೂ ನಾನು ಮುಟ್ಟಲಿಲ್ಲ.

ಮೂರನೇ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ. ಹೊರಗೆ ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟರು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಅದೂ ಇದೂ ಮಾತಾಡುತ್ತಾ, ನನ್ನನ್ನೇ ಸಮಾಧಾನ ಮಾಡುವವರಂತೆ ಹೇಳಿದರು, "ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಕೈಲೆ ಆಗೂದು ನೀವು ಮಾಡೀರಿ. ದುಂಡಸಿ ಕ್ಯಾಂಪಿನ್ಯಾಗ ನೀವು ಕಣ್ಣು ನೋಡಿದಾಗ ಚಲೋನ ಇದ್ದುವಂತ. ಆಮ್ಯಾಲ ಕೆಟ್ರ ಯಾರೇನು ಮಾಡಾಕ ಆಗತೈತಿ?"

ನನಗೆ ಅರ್ಥವಾಗಲಿಲ್ಲ. "ಯಾವ ಕ್ಯಾಂಪು ಅಕ್ಕಾ?" ಎಂದೆ.

"ಹುಬ್ಬಳ್ಳಿಗೆ ಹೋಗೂಕಿಂತ ಎರಡು ವರ್ಷ ಮೊದ್ಲ. ಸಂಜೀಕ ಕತ್ತಲಾದ್ರ ತಡವರಸ್ತಿದ್ರು. ನಾ ಬಡಕೊಂಡು ಬಡಕೊಂಡು ಕಳಿಸಿದ್ದೆ. ಬಿಳಿ ಅಂಗಿ ಹಾಕ್ಕೊಂಡು ಹೋಗಿದ್ರು. ಬಂದು, ಅಕ್ಕಾರ ನೋಡಿದ್ರು, ಏನೂ ಆಗಿಲ್ಲಂತ, ಅಂದ್ರು. ಆಮ್ಯಾಲ ನಾ ಆ ಸುದ್ದಿ ತಗೀಲಿಲ್ಲ."

ಆಗ ನೆನಪಾಯಿತು. ದುಂಡಸಿಯ ಶಾಲೆಯ ಕೋಣೆ, ಹೊರಗೆ ಉದ್ದ ಸಾಲು. ಹಿಂದಿನ ವಾರವಷ್ಟೇ ಅವರು ನನ್ನ ಗಾಡಿಯ ಕಟ್ಔಟ್ ಡಬ್ಬಿ ತಿಕ್ಕಿ ಕೊಟ್ಟಿದ್ದರು. ಸಾಲಿನಲ್ಲಿ ಬಿಳಿ ಅಂಗಿ ತೊಟ್ಟು ನಿಂತವರು ನನ್ನ ಮೇಜಿನ ಮುಂದೆ ಬಂದಾಗ, ನನ್ನ ಬಾಯಿ ಮೊದಲೇ ಜೋರು, ಕುರ್ಚಿ ತೋರಿಸುವ ಬದಲು ನಗುತ್ತಾ ಅಂದಿದ್ದೆ, "ಯಾಕ ಬಂದ್ರಿ ಮಿಸ್ತ್ರಿ? ಗಾಡಿ ಚಲೋ ಐತ್ರಿ. ಅದನ್ನ ನೋಡಾಕಂತ ಇಲ್ಲೀತನಕ ಬಸ್ಸಿಗೆ ಬಂದ್ರೇನು?" ಸಾಲಿನವರೂ ನಕ್ಕಿದ್ದರು. ಅವರು ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಆಮೇಲೆ, "ಹೌದ್ರಿ. ಬೆಲ್ಟ್ ನೋಡಿ ಹೋಗೂಣಂತ ಬಂದಿದ್ದೆ" ಎಂದರು. ಹೊರಗೆ ಹೋಗಿ ಬಾನೆಟ್ಟು ಎತ್ತಿ ಬೆಲ್ಟು ಒತ್ತಿದರು. ನಾನು ಚಹಾ ಕಳಿಸಿದೆ. ಕಿಟಕಿಯಿಂದ ನೋಡಿದಾಗ ಬಿಳಿ ಅಂಗಿಯ ತೋಳಿಗೆ ಮಸಿ ಹತ್ತಿತ್ತು. ಇಷ್ಟು ಕಾಳಜಿಯ ಮಿಸ್ತ್ರಿ ಯಾರಿಗೆ ಸಿಗುತ್ತಾರೆ ಎಂದು ಪಕ್ಕದ ಸಿಸ್ಟರಿಗೆ ಹೇಳಿ ಮುಂದಿನವರನ್ನು ಕರೆದಿದ್ದೆ.

ಹುಬ್ಬಳ್ಳಿಯ ಡಾಕ್ಟರು ಎರಡು ವರ್ಷದ ಮಾತು ಆಡಿದಾಗ ಅವರು ಸುಮ್ಮನೆ ಕೂತದ್ದು ಯಾಕೆಂದು ಈಗ ತಿಳಿಯಿತು. ಅವರಿಗೆ ಲೆಕ್ಕ ಸಿಕ್ಕಿತ್ತು. ನನಗೆ ಹೇಳಬಾರದೆಂದೇ ಬೆಲ್ಟಿನ ಮಾತು ತೆಗೆದಿದ್ದರು. ಸಾಯುವವರೆಗೂ ಹೇಳಲಿಲ್ಲ.

ಅಕ್ಕನ ಎದುರು ನಾನು ಸುಮ್ಮನಿದ್ದುಬಿಡಬಹುದಿತ್ತು. ಗಂಡ ಸುಳ್ಳು ಹೇಳಿದ್ದನೆಂದು ಮೂರನೇ ದಿನ ಹೆಂಡತಿಗೆ ತಿಳಿಸುವುದು ಬೇಕೇ ಎಂದೂ ಅನಿಸಿತು. ಆದರೆ ಆ ಸುಳ್ಳಿನ ಮರೆಯಲ್ಲಿ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಹೇಳಿಬಿಟ್ಟೆ, "ನಾ ನೋಡಿರಲಿಲ್ಲ ಅಕ್ಕಾ. ಗಾಡಿ ನೋಡಾಕ ಬಂದಾರ ಅಂದ್ಕೊಂಡೆ. ಕುಂದ್ರಿ ಅಂತ ಸುದ್ದಾ ಅನ್ನಲಿಲ್ಲ."

ಅಕ್ಕ ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ನಾನು ಕುಡಿದಿಟ್ಟ ತಂಬಿಗೆಯನ್ನು ಎತ್ತಿಕೊಂಡು ಏಳುತ್ತಾ ಹೇಳಿದರು, "ಕುಂದ್ರು ಅಂದಿದ್ರ ಕುಂದರ್ತಿದ್ರು ಅವ್ರು. ತಾವಾಗಿ ಕೇಳೂ ಮನಷ್ಯಾ ಆಗಿರಲಿಲ್ಲ."

ಆಮೇಲೆ ಎಷ್ಟೋ ಕ್ಯಾಂಪುಗಳಾಗಿವೆ. ಮೊಮ್ಮಗನ ಬುತ್ತಿ ಕೊಡಲು ಬಂದ ಅಜ್ಜ, ನೀರಿನ ಕ್ಯಾನು ಇಳಿಸಲು ಬಂದವನು, ಮಳೆಗೆ ಒಳಗೆ ನಿಂತವಳು, ಬಸ್ಸು ತಪ್ಪಿ ನೆರಳಿಗೆ ಬಂದವರು, ಹೀಗೆ ಯಾರು ಯಾರೋ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾರೆ. ಯಾಕೆ ಬಂದಿರಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. "ಬರ್ರಿ, ಮೊದ್ಲ ಇಲ್ಲಿ ಕುಂದ್ರಿ" ಎನ್ನುತ್ತೇನೆ.